ಕಾಕಾನ ಕೌದಿಗೆ ಯಾವ ಒಲೆಯ ರೊಟ್ಟಿ

ಕಾಕಾ ಮೋಸ ಹೋಗಲಿಲ್ಲ. ಸತ್ಕಾರದ ಹೆಸರಲ್ಲಿ ಹಾರ ಹಾಕಿ ಮುದುಕನನ್ನು ಊರು ಬಿಡಿಸಿದರು ಎಂದು ವಿಜಾಪುರದ ಜೋರಾಪುರ ಪೇಟೆಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅದು ಸುಳ್ಳು. ಆತ ಗೊತ್ತಿದ್ದೇ ಹೋದ. ದಣಿದಿದ್ದ, ಮನೆ ಸಿಕ್ಕಿತು, ಹೋದ. ಎಲ್ಲರ ಎದುರಿಗೆ ಕೇಳಿದವಳು ನಾನು, ಉತ್ತರ ಕೊಟ್ಟವನು ಆತ. ಆದ್ದರಿಂದ ಇದನ್ನು ನಾನೇ ಬರೆಯಬೇಕು. ನಾನು ಶಾಲೆಯಲ್ಲಿ ಕಲಿತದ್ದು ಎರಡನೆಯ ಇಯತ್ತೆ ತನಕ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದಲಿ, ಮಾತು ತಿದ್ದುವುದು ಬೇಡ.

ಕೌದಿ ಹೊಲಿಯುವುದು ನನ್ನ ಕೆಲಸವಾಗಿತ್ತು. ಮಂದಿ ಹಳೆಯ ಸೀರೆ, ಧೋತರ, ಹರಿದ ಅಂಗಿ ತಂದು ಹಾಕುತ್ತಿದ್ದರು, ನಾನು ಒಂದರ ಮೇಲೊಂದು ಹಾಸಿ, ಹೊಲಿದು, ಹೊದೆಯಲು ಕೊಡುತ್ತಿದ್ದೆ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ತಿಕೋಟಾಕ್ಕೆ ಕೊಟ್ಟಿದ್ದೆ. ಆಕೆಗೂ ಮಗುವಾಗಿ ನಾನು ಆಗಲೇ ಅಜ್ಜಿಯಾಗಿದ್ದೆ. ಆ ಕಾಲದಲ್ಲಿ ತಲೆ ನೆರೆಯುವ ಮೊದಲೇ ಅಜ್ಜಿಯರಾಗುತ್ತಿದ್ದೆವು. ಪೇಟೆಯ ಒಂದು ಓಣಿಯಲ್ಲಿ ಒಂದು ಕೋಣೆ. ದಿನವೆಲ್ಲ ನೆಲ ನೋಡುತ್ತ ಕೂರುವ ಕೆಲಸ. ಕೆಲವು ದಿನ ಸೂಜಿ ಚುಚ್ಚಿದಾಗ ‘ಹಾ’ ಎಂದದ್ದೇ ನಾನು ಆಡಿದ ಮಾತು.

ಕಾಕಾ ಯಾರು ಎಂದು ಹೇಳುತ್ತೇನೆ. ಆತ ಕಚೇರಿಯಲ್ಲಿ ಚಪರಾಸಿಯಾಗಿದ್ದವನು. ವಯಸ್ಸೆಲ್ಲ ಸಾಹೇಬರ ಬಾಗಿಲು ಹಿಡಿದು ನಿಂತು ಕಳೆದವನು. ನೌಕರಿ ಮುಗಿದ ಮೇಲೆ ಆತ ಬೇರೆ ಬಾಗಿಲುಗಳ ಮುಂದೆ ನಿಲ್ಲತೊಡಗಿದ. ಊರಿನ ಹಾಳುಬಿದ್ದ ಕಮಾನುಗಳ ಕೆಳಗೆ, ಸ್ಟೇಷನ್ ರಸ್ತೆಯ ಅಂಗಡಿ ಕಟ್ಟೆಗಳ ಮೇಲೆ ಮಲಗುವ ಮಂದಿ ಬಹಳ ಇದ್ದರು. ಅವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ ಯಾವನಾದರೂ ಉಳ್ಳವನ ಬಾಗಿಲಲ್ಲಿ ನಿಲ್ಲುತ್ತಿದ್ದ. ಕೂಗುತ್ತಿರಲಿಲ್ಲ, ಬೇಡುತ್ತಿರಲಿಲ್ಲ. “ಇವರು ಇವತ್ತ ಎಲ್ಲಿ ಮಲಗಬೇಕ್ರಿ, ಅಷ್ಟ ಹೇಳ್ರಿ. ನಾ ಹೋಗತೇನಿ” ಎನ್ನುತ್ತಿದ್ದ. ಆಮೇಲೆ ಸುಮ್ಮನೆ ನಿಂತೇ ಇರುತ್ತಿದ್ದ. ನಿಲ್ಲುವುದರಲ್ಲಿ ಆತನನ್ನು ಸೋಲಿಸುವವರು ವಿಜಾಪುರದಲ್ಲಿ ಇರಲಿಲ್ಲ.

ಹಾಗೆ ನಿಂತು ನಿಂತು ಒಬ್ಬ ಸಾವ್ಕಾರನಿಂದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ಹತ್ತಿ ಗೋದಾಮು ಬಿಡಿಸಿಕೊಂಡಿದ್ದ. ಯುದ್ಧದ ಕಾಲದಲ್ಲಿ ಹತ್ತಿ ಬರದೆ ಗೋದಾಮು ಖಾಲಿ ಬಿದ್ದಿತ್ತು. ಸಾವ್ಕಾರ ಒಂದೇ ಕರಾರು ಹಾಕಿದ್ದ. ಕಾಕಾನೂ ಅಲ್ಲೇ ಮಲಗಬೇಕು, ಬೆಂಕಿ ಬಿದ್ದರೆ, ಜಗಳವಾದರೆ, ಏನಾದರೂ ಆದರೆ ಆತನೇ ಜವಾಬ್ದಾರಿ. ಕಾಕಾ ಇರುವ ತನಕ ಮಂದಿ ಇರಬಹುದು. ಕಾಕಾ ತನ್ನ ಬಾಡಿಗೆ ಕೋಣೆ ಬಿಟ್ಟು ಗೋದಾಮಿನ ಬಾಗಿಲ ಪಕ್ಕ ಚಾಪೆ ಹಾಸಿದ. ಸತ್ಕಾರದ ದಿನದ ತನಕ ಅಲ್ಲಿಂದ ಏಳಲೇ ಇಲ್ಲ.

ಯುದ್ಧ ಮುಗಿಯಿತು, ಬಟ್ಟೆಯನ್ನು ಅಳೆದು ಕೊಡುವ ಸರ್ಕಾರದ ಕಂಟ್ರೋಲು ಮುಗಿಯಲಿಲ್ಲ. ಅಂಥ ಒಂದು ವರ್ಷ ದೀಪಾವಳಿ ಕಳೆದು ಚಳಿ ಬೀಳತೊಡಗಿದಾಗ ಸಾವ್ಕಾರ ನನ್ನನ್ನು ಸ್ಟೇಷನ್ ರಸ್ತೆಯ ತನ್ನ ಅಂಗಡಿಗೆ ಕರೆಸಿದ.

“ಕೌದಿಯವ್ವಾ, ಕಾಕಾಗ ಒಂದು ಸತ್ಕಾರ ಮಾಡೂಣು ಅಂತ ಪ್ಯಾಟಿ ಮಂದಿ ಕೂಡಿ ಮಾತಾಡೇವಿ. ಶಾಲು ಹೊದಸಬೇಕು. ಈಗ ಶಾಲು ಎಲ್ಲಿ ಸಿಗತೈತಿ? ಕಂಟ್ರೋಲ ಅಂಗಡ್ಯಾಗ ಅರಿವಿ ಅಂದ್ರ ಮಾರಿ ನೋಡಿ ನಗತಾರ.”

“ಅದಕ್ಕ?”

“ಅದಕ್ಕ ಕೌದಿ. ಪ್ಯಾಟ್ಯಾಗ ಮನಿಗೊಂದು ತುಂಡು. ಗೋದಾಮಿನ ಮಂದೀದೂ ಒಂದೊಂದು ತುಂಡು. ಊರಾಗಿನ ಎಲ್ಲಾರೂ ಕೂಡಿ ಹೊದಿಸಿದಂಗ ಆಗತೈತಿ. ಹೆಂಗ?”

“ಗೋದಾಮಿನ ಮಂದಿ ಮೈಮ್ಯಾಲ ಇರೂದ ತುಂಡು ಸಾವ್ಕಾರ್ರ. ತುಂಡಿನಾಗ ತುಂಡು ಹೆಂಗ ಕೊಡತಾರ?”

ಪಕ್ಕದಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತ ನಕ್ಕ. ಸಾವ್ಕಾರ ನಗಲಿಲ್ಲ. “ಕೊಡತಾರ, ಕೇಳಿ ನೋಡು. ಕಾಕಾನ ಸಲುವಾಗಿ ಕೊಡತಾರ” ಎಂದ. ಆತ ಕೆಟ್ಟವನಲ್ಲ. ಕಾಕಾನ ಮೇಲೆ ಆತನಿಗೆ ನಿಜವಾಗಿಯೂ ಗೌರವ ಇತ್ತು. ಗೋದಾಮು ಬೇಕಾಗಿತ್ತು ಎನ್ನುವುದೂ ಅಷ್ಟೇ ನಿಜ. ಎರಡೂ ಒಬ್ಬ ಮನುಷ್ಯನಲ್ಲಿ ಇರಬಹುದು. ಆಗ ನನಗೆ ಮೊದಲಿನದು ಮಾತ್ರ ಕಾಣಿಸಿತು.

ಮೊದಲು ಪೇಟೆಯಲ್ಲಿ ಮನೆ ಮನೆ ತಿರುಗಿದೆ. ಬಟ್ಟೆ ಎಲ್ಲರಿಗೂ ಕಡಿಮೆ, ಅದಕ್ಕೇ ಕೊಟ್ಟದ್ದರ ಮೇಲೆ ಅಭಿಮಾನ ಹೆಚ್ಚು. ಎಣ್ಣೆ ವ್ಯಾಪಾರದವರ ಮನೆಯಾಕೆ ಇಳಕಲ್ಲ ಸೀರೆಯ ಸೆರಗಿನ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

“ಇದನ್ನ ಆ ಗೋದಾಮಿನ ಹರಕ ಬಾಜೂಕ ಹಚ್ಚಬ್ಯಾಡ ನೋಡು ಮತ್ತ.”

“ತಲೀ ಕಡೆ ಹಚ್ಚಲೋ ಕಾಲಿನ ಕಡೆ ಹಚ್ಚಲೋ, ಅಷ್ಟ ಹೇಳ್ರಿ.”

“ತಲೀ ಕಡೆ.”

“ತಲೀ ಕಡೆ ಎಲ್ಲಾರೂ ಕೇಳ್ಯಾರ ಅಕ್ಕಾರ. ಕಾಕಾಗ ಇರೂದು ಒಂದ ತಲಿ.”

ಆಕೆ ಬಾಗಿಲು ಹಾಕಿಕೊಂಡಳು. ತುಂಡು ಮಾತ್ರ ನನ್ನ ಕೈಗೆ ಬಂದಿತ್ತು.

ಗೋದಾಮಿಗೆ ಹೋದಾಗ ನಾನು ಹೇಳಿದ್ದೇ ಆಯಿತು. ಕೊಡಲು ಅವರ ಹತ್ತಿರ ಏನೂ ಇರಲಿಲ್ಲ. ಮೈಮೇಲಿನದನ್ನೇ ರಾತ್ರಿ ಹೊದೆಯುತ್ತಿದ್ದರು. ಒಬ್ಬ ಹಮಾಲ ತಲೆಗೆ ಸುತ್ತುತ್ತಿದ್ದ ಪಟಗದ ಅಂಚು ಹರಿದು ಕೊಟ್ಟ. ಒಬ್ಬಾಕೆ ಮಗುವಿನ ತಲೆಗೆ ಹಾಕುವ ಕುಂಚಿಗೆಯ ಬಾಲ ಕತ್ತರಿಸಿ ಕೊಟ್ಟಳು. ಉಳಿದವರು ಗೋಣಿಚೀಲದ ತುಂಡುಗಳನ್ನು ಕೊಟ್ಟರು. ಒಲೆಯ ಹತ್ತಿರ ಒಬ್ಬ ಮುದುಕಿ ಇದ್ದಳು, ಗೋದಾಮಿನ ಅಡುಗೆ ನೋಡಿಕೊಳ್ಳುತ್ತಿದ್ದವಳು. ಆಕೆ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ, ಒಳಗಿದ್ದ ಅಡಿಕೆ ಚೂರು, ಸುಣ್ಣದ ಡಬ್ಬಿ ಎಲ್ಲವನ್ನೂ ಉಡಿಗೆ ಸುರಿದುಕೊಂಡು, ಸಂಚಿಯನ್ನು ನನ್ನ ಕಡೆ ಒಗೆದಳು.

“ಇನ್ನ ಎಲಿ ಎಲ್ಲಿ ಇಡತೀ ಆಯಿ?”

“ಬಾಯಾಗ” ಎಂದಳು.

ಕೌದಿ ಹೊಲಿಯುವುದು ಹೀಗೆ. ಅಡಿಪದರಕ್ಕೆ ಗಟ್ಟಿ ಸೀರೆ ಬೇಕು. ಅದನ್ನು ನೆಲಕ್ಕೆ ಹಾಸಿ, ಸುಕ್ಕು ಬಿಡಿಸಿ, ನಾಲ್ಕೂ ಮೂಲೆಗೆ ಕಲ್ಲಿಡಬೇಕು. ನಡುವೆ ಹಳೆಯ ಬಟ್ಟೆಗಳನ್ನು ತುಂಬಬೇಕು, ಎಲ್ಲಿಯೂ ಉಬ್ಬಬಾರದು, ತಗ್ಗಬಾರದು. ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಬೇಕು. ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತ ಹೊಲಿಯುತ್ತ ಬರಬೇಕು, ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು. ಹಾಗೆ ಅಂಚಿನಿಂದ ನಡುವಿಗೆ. ದಾರ ಬಿಗಿ ಎಳೆದರೆ ಕೌದಿ ಮುದುಡುತ್ತದೆ, ಸಡಿಲ ಬಿಟ್ಟರೆ ಕಾಲ ಬೆರಳು ಸಿಕ್ಕಿ ಹರಿಯುತ್ತದೆ. ನನ್ನ ಕೋಣೆಯಲ್ಲಿ ಪೂರ್ತಿ ಹಾಸಲು ಜಾಗ ಸಾಲದು. ಅರ್ಧ ಹಾಸಿ, ಅರ್ಧ ಸುತ್ತಿಟ್ಟು, ಅದರ ಮೇಲೇ ಕೂತು ಹೊಲಿಯುತ್ತಿದ್ದೆ.

ಮೊದಲ ತೊಂದರೆ ಗೋಣಿಯದು. ನೂಲಿನ ಬಟ್ಟೆ ದಾರದ ಜೊತೆ ಕುಗ್ಗುತ್ತದೆ, ಗೋಣಿ ಕುಗ್ಗುವುದಿಲ್ಲ. ಎರಡು ಸುತ್ತು ಹೊಲಿಯುವಷ್ಟರಲ್ಲಿ ಗೋಣಿ ಇದ್ದ ಕಡೆ ಕೌದಿ ಹಪ್ಪಳದಂತೆ ಎದ್ದು ನಿಂತಿತು. ಸೂಜಿ ಮುರಿಯಿತು. ಗೋಣಿಯನ್ನು ಒಳಗಿನ ಪದರಕ್ಕೆ ಹಾಕಿ ಮುಚ್ಚಿಬಿಡಬಹುದಿತ್ತು. ಆದರೆ ಕೊಟ್ಟವರು ಸತ್ಕಾರಕ್ಕೆ ಬಂದು ತಮ್ಮ ತುಂಡು ಎಲ್ಲಿ ಎಂದು ಹುಡುಕುತ್ತಾರೆ. ಬಿಚ್ಚಿದೆ. ಗೋಣಿಯನ್ನು ನೀರಲ್ಲಿ ನೆನೆಹಾಕಿ, ಕಲ್ಲಿನ ಮೇಲಿಟ್ಟು ಒನಕೆಯಿಂದ ಬಡಿದೆ. ನಾರು ಸಡಿಲಾಗಿ ಮೆತ್ತಗಾಯಿತು. ದಬ್ಬಣದಿಂದ ಮೊದಲೇ ತೂತು ಮಾಡಿಕೊಂಡು, ಆ ತೂತಿನಲ್ಲಿ ಸೂಜಿ ಹಾಯಿಸಿದೆ. ಆಗ ಕೂತಿತು.

ಎರಡನೆಯ ತೊಂದರೆ ದೊಡ್ಡದು. ಅಡಿಸೀರೆಯನ್ನು ಸಾವ್ಕಾರನ ಮನೆಯಿಂದಲೇ ಕಳಿಸಿದ್ದರು. ನೋಡಲು ಹೊಸದರಂತಿತ್ತು. ಟ್ರಂಕಿನಲ್ಲಿ ವರ್ಷಗಟ್ಟಲೆ ಮಡಚಿಟ್ಟ ಸೀರೆ ಮಡಿಕೆಯ ಗೆರೆಯಲ್ಲಿ ಸಾಯುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಬೇಕಿತ್ತು, ನೋಡಲಿಲ್ಲ. ಅರ್ಧ ಕೆಲಸ ಮುಗಿದ ಮೇಲೆ ಕೌದಿ ಎತ್ತಿ ತಿರುಗಿಸಿದೆ. ಅಡಿಸೀರೆ ನಡುಮಧ್ಯೆ ಪರ್ರನೆ ಸೀಳಿತು. ಒಂದೇ ಸೀಳಲ್ಲ, ಮಡಿಕೆ ಇದ್ದಲ್ಲೆಲ್ಲ. ಹೊಲಿದದ್ದನ್ನೆಲ್ಲ ಬಿಚ್ಚಿದೆ. ಅಳಲಿಲ್ಲ, ಕೇಳುವವರು ಇರಲಿಲ್ಲ. ದಾರ ಮಾತ್ರ ಹಾಳಾಗದಂತೆ ಬೆರಳಿಗೆ ಸುತ್ತಿ ಇಟ್ಟೆ.

ಊರಲ್ಲಿ ಗಟ್ಟಿ ಸೀರೆ ಸಿಗುವಂತಿರಲಿಲ್ಲ. ತಿಕೋಟಾದ ಬೀಗತಿಯ ಹತ್ತಿರ ಕೈಮಗ್ಗದ ಹಳೆಯ ಸೀರೆಗಳಿದ್ದದ್ದು ನೆನಪಾಯಿತು. ಹೋಗುವ ಮೊದಲು ಅಂಗಡಿಗೆ ಹೋಗಿ ಗುಮಾಸ್ತನಿಗೆ ಇನ್ನೊಂದು ವಿಷಯ ಕೇಳಿದೆ. ಅದು ಏನೆಂದು ಹೇಳಬೇಕು.

ನಮ್ಮಲ್ಲಿ ಕೌದಿಯನ್ನು ಪೂರ್ತಿ ಹೊಲಿದು ಕೊಡುವುದಿಲ್ಲ. ನಡುವೆ ಒಂದು ಗೇಣು ಬಾಯಿ ಬಿಟ್ಟು, ಅದರಲ್ಲಿ ರೊಟ್ಟಿಯ ಚೂರು, ಬೆಲ್ಲದ ಹರಳು ಇಟ್ಟು, ಆಮೇಲೆ ಬಾಯಿ ಮುಚ್ಚುತ್ತೇವೆ. ಕೌದಿ ಹಸಿದಿರಬಾರದು ಎನ್ನುವುದು ಪದ್ಧತಿ. ರೊಟ್ಟಿ ಯಾರದೋ ಮನೆಯದಾದರೆ ನಡೆಯುವುದಿಲ್ಲ. ಹೊದೆಯುವವರ ಮನೆಯ ಒಲೆಯಲ್ಲಿ ಸುಟ್ಟದ್ದೇ ಆಗಬೇಕು. ಕೌದಿ ಆ ಮನೆಯದು ಎಂದು ಆಗುವುದು ಆಗಲೇ.

“ಕಾಕಾಗ ಮನಿ ಇಲ್ಲ, ಒಲಿ ಇಲ್ಲ. ಗೋದಾಮಿನ ಮೂರು ಕಲ್ಲಿನ ಒಲಿ ರೊಟ್ಟಿ ತರಲೇನು?” ಎಂದು ಕೇಳಿದೆ.

ಗುಮಾಸ್ತ ತಲೆ ಎತ್ತಲಿಲ್ಲ. “ಗೋದಾಮಿಂದ್ಯಾಕ? ಬಬಲೇಶ್ವರದಾಗ ಮನಿಗೆ ಸುಣ್ಣಾ ಬಳದಾತು. ಒಲೀನೂ ಹೂಡ್ಯಾರ. ಅಲ್ಲೀದ ತಗೊಂಡ ಬಾ” ಎಂದ. ಎಂದ ಮೇಲೆ ತಲೆ ಎತ್ತಿದ.

“ಯಾರ ಮನಿ?”

“ಕಾಕಾಂದು. ಅವರ ಹುಟ್ಟೂರ ಅಲ್ಲೇನು? ಸತ್ಕಾರದ ದಿನಾನ ಕೊಡವರದಾರ. ಗಾಡಿ ಸುದ್ದ ಹೇಳೇವಿ. ಹಾರ ಹಾಕಿ, ಕೌದಿ ಹೊದಿಸಿ, ಕೂಡಿಸಿ ಕಳಸೂದು. ನೀ ಎಲ್ಲೀನೂ ಬಾಯಿ ಬಿಡಬ್ಯಾಡ ಮತ್ತ.”

“ಗೋದಾಮು?”

“ಹತ್ತಿ ಬರಾಕತ್ತೈತಿ” ಎಂದ. ಅಷ್ಟೇ.

ತಿಕೋಟಾಕ್ಕೆ ಗಾಡಿಯಲ್ಲಿ ಹೋದೆ. ಬೀಗತಿ ಬಾಗಿಲಲ್ಲೇ ಶುರುಮಾಡಿದಳು. “ಬರ್ರಿ ಬೀಗತೇರ. ಮಗಳ ನೆನಪಾದ್ಲೋ, ಸೀರಿ ನೆನಪಾತೋ?”

“ಸೀರಿ” ಎಂದೆ.

ಆಕೆ ಹೊಟ್ಟೆ ಹಿಡಿದು ನಕ್ಕಳು. “ನಿಮ್ಮಂಗ ಖರೇ ಹೇಳೂ ಬೀಗರು ಸಿಕ್ಕಿದ್ದು ನನ್ನ ಪುಣ್ಯಾ ನೋಡ್ರಿ” ಎಂದು ಒಳಗಿನಿಂದ ಎರಡು ಸೀರೆ ತಂದಳು. ಬೆಳಕಿಗೆ ಹಿಡಿದು ನೋಡಿದೆ, ಗಟ್ಟಿಯಾಗಿದ್ದವು. ಮಗಳು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಕೂಸು ನನ್ನ ಮುಖ ನೋಡಿ ಅಂಜಿ ಅತ್ತಿತು, ವಾಪಸು ತೆಗೆದುಕೊಂಡಳು. “ಇವತ್ತ ಇರಬೇ” ಎಂದು ಒಮ್ಮೆ ಹೇಳಿದಳು. ಎರಡನೆಯ ಸಲ ಹೇಳಿದ್ದರೆ ಇರುತ್ತಿದ್ದೆ. ಆಕೆಗೆ ಕೆಲಸ ಬಹಳ ಇತ್ತು.

ಅಲ್ಲಿಂದ ಜೋಳದ ಚೀಲ ಹೇರಿಕೊಂಡು ಬಬಲೇಶ್ವರಕ್ಕೆ ಹೊರಟಿದ್ದ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಕರಿಮಣ್ಣಿನ ಹೊಲ, ಮೊಣಕಾಲೆತ್ತರ ಬೆಳೆದ ಬಿಳಿಜೋಳ. ಗಾಡಿಯವ ಮಾತಾಡುವವನಲ್ಲ, ನಾನೂ ಅಲ್ಲ.

ಮನೆ ಚಿಕ್ಕದು. ಮಣ್ಣಿನ ಮಾಳಿಗೆ, ಒಂದು ಪಡಸಾಲೆ, ಒಂದು ಅಡುಗೆಯ ಮೂಲೆ. ಸುಣ್ಣದ ವಾಸನೆ ಇನ್ನೂ ಬರುತ್ತಿತ್ತು. ಬಾಗಿಲು ದಪ್ಪ ಹಲಗೆಯದು, ಒಳಗಿನಿಂದ ಹಾಕಿಕೊಳ್ಳಲು ಅಗಳಿ. ಒಮ್ಮೆ ಹಾಕಿ ತೆಗೆದು ನೋಡಿದೆ. ಸಲೀಸಾಗಿತ್ತು. ಮನೆ ನನಗೆ ಹಿಡಿಸಿತು, ಅದಕ್ಕೇ ಸಿಟ್ಟು ಬಂತು. ಕೆಟ್ಟ ಮನೆ ಕೊಟ್ಟಿದ್ದರೆ ಬೈಯುವುದು ಸುಲಭವಿತ್ತು.

ಕಾಕಾನನ್ನು ನೋಡಿಕೊಳ್ಳಲು ಒಪ್ಪಿಕೊಂಡಿದ್ದ ಪಕ್ಕದ ಮನೆಯಾಕೆ ಬಂದಳು. ರೊಟ್ಟಿ ಬೇಕೆಂದೆ.

“ಒಲಿ ಇನ್ನಾ ಹಚ್ಚೇ ಇಲ್ಲರೀ. ನೀವ ಹಚ್ಚಿ ಬಡೀರಿ” ಎಂದವಳು ನನ್ನ ಬರಿಗೈ ನೋಡಿದಳು, ಹಣೆ ನೋಡಿದಳು. ಗಂಡ ಸತ್ತವಳು ಹೊಸ ಮನೆಯ ಮೊದಲ ಒಲೆ ಹಚ್ಚಬಾರದು. ಅದನ್ನು ಆಕೆ ಹೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು, “ತಡೀರಿ, ಬೆಂಕಿ ನಾ ಮಾಡತೇನಿ, ರೊಟ್ಟಿ ನೀವು ಬಡೀರಿ” ಎಂದಳು. ಬುದ್ಧಿವಂತೆ. ಆಕೆ ಕಡ್ಡಿ ಗೀರಿದಳು, ನಾನು ಹಿಟ್ಟು ನಾದಿದೆ. ಹಸಿ ಒಲೆ, ಹೊಗೆ ಬಹಳ. ಒಂದೇ ರೊಟ್ಟಿ ಸುಟ್ಟು, ಸೀರೆಯ ಗಂಟಿನಲ್ಲಿ ಕಟ್ಟಿಕೊಂಡೆ.

ರಾತ್ರಿ ಆಕೆಯ ಮನೆಯಲ್ಲಿ ಕಳೆದು, ಮರುದಿನ ಊರಿಗೆ ಬಂದವಳು ನೇರ ಗೋದಾಮಿಗೆ ಹೋದೆ. ಹೊತ್ತು ಮುಳುಗುತ್ತಿತ್ತು. ಕಾಕಾ ಬಾಗಿಲ ಪಕ್ಕ ತನ್ನ ಚಾಪೆಯ ಮೇಲೆ ಕೂತು ಕೆಮ್ಮುತ್ತಿದ್ದ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

“ಕಾಕಾ, ಬಬಲೇಶ್ವರದಾಗ ನಿಮಗ ಮನಿ ಮಾಡ್ಯಾರ. ಸತ್ಕಾರ ಮಾಡಿ ಅಲ್ಲಿಗೆ ಕಳಸೂ ವಿಚಾರ ಐತಿ. ನೀವು ಹೋದ್ರ ಇವರನ್ನ ಎಬ್ಬಸ್ತಾರ. ಗೊತ್ತೈತೇನು?”

ಆತ ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ಬೀಳಲಿಲ್ಲ. “ಬಾಗಲಾ ಹೆಂಗ ಐತಿ?” ಎಂದು ಕೇಳಿದ.

“ಏನು?”

“ಮನಿ ಬಾಗಲಾ, ಯವ್ವಾ. ಅಗಳಿ ಐತೇನು ಒಳಗ?”

“ಐತಿ.”

“ನಾ ಹುಟ್ಟಿದಾಗಿಂದ ಮಂದಿ ಬಾಗಲಾ ತಗದೇನಿ, ಹಾಕೇನಿ. ಇಲ್ಲಿ ಬಂದ ಮ್ಯಾಲ ಬಾಗಲದಾಗ ಮಲಗೇನಿ. ಒಂದು ಸಲಾ ಒಳಗಿಂದ ಅಗಳಿ ಹಾಕ್ಕೊಂಡು ಮಲಗಬೇಕು ಅಂತ ನನಗೂ ಅನಸ್ತೈತಿ ಬೇ.”

“ಮತ್ತ ಇವರು?”

“ನಾ ಸತ್ರೂ ಎಬ್ಬಸ್ತಾರ, ಹೋದ್ರೂ ಎಬ್ಬಸ್ತಾರ. ನಡುವ ನಾಕ ದಿನಾ ನಾ ನಿದ್ದಿ ಮಾಡಿದ್ರ ಯಾರ ಗಂಟು ಹೋತು?”

“ಹಂಗಾದ್ರ ಇವರಿಗೆ ಹೇಳ್ರಿ.”

ಆತ ಒಳಗೆ ನೋಡಿದ. ಒಲೆಯ ಹತ್ತಿರ ಸಂಚಿ ಕೊಟ್ಟ ಮುದುಕಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. “ಅದೊಂದು ನನ್ನ ಕೈಲೆ ಆಗೂದಿಲ್ಲ” ಎಂದ. “ಸಾಹೇಬರ ಮುಂದ ನಿಂದರತೇನಿ. ಇವರ ಮುಂದ ನಿಂದರಾಕ ಆಗೂದಿಲ್ಲ.”

ಮನೆಗೆ ಬಂದು ಹೊಸ ಅಡಿಸೀರೆ ಹಾಸಿದೆ. ಮುಂದಿನ ದಿನಗಳಲ್ಲಿ ಮೊದಲಿನಿಂದ ಹೊಲಿದೆ. ಗೋಣಿಯ ಪಕ್ಕದಲ್ಲೇ ಎಣ್ಣೆ ವ್ಯಾಪಾರದವರ ಇಳಕಲ್ಲ ಸೆರಗು ಬಂತು. ಬೇಕೆಂದೇ ಹಚ್ಚಿದ್ದಲ್ಲ, ಅಳತೆ ಹಾಗೆ ಕೂತಿತು. ಸಂಚಿಯನ್ನು ಬಿಚ್ಚದೆ, ಇದ್ದ ಹಾಗೇ ಬಾಯಿಯ ಹತ್ತಿರ ಹೊಲಿದೆ. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ತಲೆ ಜಗಳವಾಡುತ್ತಿತ್ತು. ಆತ ಹೋಗುವುದು ತಪ್ಪು ಎನ್ನಲು ನಾನು ಯಾರು? ನನ್ನ ಕೋಣೆಗೆ ಅಗಳಿ ಇತ್ತು. ಗೋದಾಮಿನಲ್ಲಿ ನಾನು ಒಂದು ರಾತ್ರಿಯೂ ಕಳೆದವಳಲ್ಲ. ಆದರೆ ಹೇಳದೆ ಹೋಗುವುದು ತಪ್ಪು. ಮರುದಿನ ಬೀಗ ನೋಡಿ ಗೋದಾಮಿನವರಿಗೆ ಗೊತ್ತಾಗಬಾರದು. ಆತನ ಬಾಯಿಂದಲೇ ಕೇಳಬೇಕು.

ಅಂಗಡಿಯಿಂದ ಹೇಳಿಕಳಿಸಿದ್ದು ಬಬಲೇಶ್ವರದ ರೊಟ್ಟಿ ಇಟ್ಟು, ಬಾಯಿ ಮುಚ್ಚಿ, ಕೌದಿ ತರಬೇಕೆಂದು. ನಾನು ಮುಚ್ಚಲಿಲ್ಲ. ಸತ್ಕಾರದ ದಿನ ಬೆಳಗ್ಗೆ ಗೋದಾಮಿನ ಒಲೆಯಿಂದಲೂ ಒಂದು ರೊಟ್ಟಿ ಇಸಿದುಕೊಂಡೆ. ಏಕೆ ಎಂದು ಮುದುಕಿ ಕೇಳಿದಳು. “ಕೌದಿಗೆ” ಎಂದೆ. ಆಕೆ ಅತಿ ತೆಳ್ಳಗಿನದೊಂದನ್ನು ಆರಿಸಿ ಕೊಟ್ಟಳು.

ಸತ್ಕಾರ ನಡೆದದ್ದು ಸಾವ್ಕಾರನ ಅಂಗಡಿಯ ಮುಂದಿನ ಪಡಸಾಲೆಯಲ್ಲಿ. ಜಮಖಾನೆ ಹಾಸಿದ್ದರು, ಕಾಕಾಗೆ ಕುರ್ಚಿ ಹಾಕಿದ್ದರು. ಕಾಕಾ ಕುರ್ಚಿಯ ಮೇಲೆ ಕೂರಲಿಲ್ಲ. ಎಷ್ಟು ಹೇಳಿದರೂ ಅದರ ಪಕ್ಕದಲ್ಲಿ ಒಂದು ಕೈ ಕುರ್ಚಿಯ ಬೆನ್ನಿಗಿಟ್ಟು ನಿಂತ, ಬೇರೆ ಯಾರೋ ಅದರ ಮೇಲೆ ಕೂತಿದ್ದಾರೆ ಎನ್ನುವ ಹಾಗೆ. ಮಂದಿ ನಕ್ಕರು, ಕಾಕಾನೂ ನಕ್ಕ. ಪೇಟೆಯವರು ಮುಂದೆ ಕೂತಿದ್ದರು. ಗೋದಾಮಿನವರು ರಸ್ತೆಯ ಅಂಚಿಗೆ ನಿಂತಿದ್ದರು. ಅಂಗಡಿಯ ಬಾಜೂಕೆ ಎತ್ತು ಹೂಡಿದ ಗಾಡಿ ತಯಾರಾಗಿ ನಿಂತಿತ್ತು. ಅದು ಯಾರಿಗೆಂದು ಅವರಿಗೆ ಗೊತ್ತಿರಲಿಲ್ಲ.

ಸಾವ್ಕಾರ ಚೆನ್ನಾಗಿಯೇ ಮಾತಾಡಿದ. ಹಾರ ಹಾಕಿದ, ತೆಂಗಿನಕಾಯಿ ಕೊಟ್ಟ. ಆಮೇಲೆ ಕೌದಿ ಎಂದು ನನ್ನ ಕಡೆ ಕೈ ಮಾಡಿದ.

ಕೌದಿಯನ್ನು ಜಮಖಾನೆಯ ಮೇಲೆ ಹಾಸಿದೆ. “ಬಾಯಿ ಮುಚ್ಚಿಲ್ಲರೀ. ರೊಟ್ಟಿ ಇಡೂದು ಉಳದೈತಿ” ಎಂದೆ.

ಹಿರಿಯರೆಲ್ಲ ತಲೆಯಾಡಿಸಿದರು. ಪದ್ಧತಿ ಎಲ್ಲರಿಗೂ ಗೊತ್ತು, ಬೇಡ ಎನ್ನುವವರಿಲ್ಲ. ಗುಮಾಸ್ತನ ಮುಖ ಮಾತ್ರ ಇಳಿಯಿತು. ಎರಡೂ ರೊಟ್ಟಿಗಳನ್ನು ಬಿಚ್ಚಿ ಕೌದಿಯ ಮೇಲೆ ಬೇರೆ ಬೇರೆ ಇಟ್ಟೆ.

“ಕಾಕಾ, ಇದು ಗೋದಾಮಿನ ಒಲೀದು. ಇದು ಬಬಲೇಶ್ವರದಾಗ ನಿಮಗ ಮಾಡಿದ ಹೊಸ ಮನಿ ಒಲೀದು. ನೀವು ಎಲ್ಲಿ ಹೊದಿತೀರಿ, ಆ ರೊಟ್ಟಿ ಕೊಡ್ರಿ.”

ಹಿಂದೆ ರಸ್ತೆಯ ಅಂಚಿನಲ್ಲಿ ಗುಜುಗುಜು ಎದ್ದಿತು. ‘ಹೊಸ ಮನೆ’ ಎನ್ನುವ ಮಾತು ಬಾಯಿಂದ ಬಾಯಿಗೆ ಹೋಯಿತು. ಹಮಾಲ ಗಾಡಿಯ ಕಡೆ ತಿರುಗಿ ನೋಡಿದ. ಕಾಕಾ ಕುರ್ಚಿಯ ಬೆನ್ನು ಬಿಟ್ಟ. ಮುಂದೆ ಬಂದು, ಮೊಣಕಾಲಿಗೆ ಕೈ ಕೊಟ್ಟು ಕೆಳಗೆ ಕೂತ. ಮೊದಲು ಗೋದಾಮಿನ ರೊಟ್ಟಿ ಮುಟ್ಟಿದ. ಅದನ್ನು ಎತ್ತಿ, ಹಣೆಗೆ ಒತ್ತಿಕೊಂಡು, ತನ್ನ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಇನ್ನೊಂದನ್ನು ನನ್ನ ಕೈಗೆ ಕೊಟ್ಟ.

“ಇದನ್ನ ಇಡು ಯವ್ವಾ” ಎಂದ. ದನಿ ಸಣ್ಣದಲ್ಲ. ಎಲ್ಲರಿಗೂ ಕೇಳಿಸಿತು. ಆತ ಬಯಸಿಯೇ ಅಷ್ಟು ಗಟ್ಟಿಯಾಗಿ ಹೇಳಿದ ಎಂದು ನನಗೆ ಗೊತ್ತು.

ರೊಟ್ಟಿಯ ಚೂರು, ಬೆಲ್ಲ ಇಟ್ಟು ಬಾಯಿ ಹೊಲಿದೆ. ದಾರ ಹಲ್ಲಿನಿಂದ ಕಡಿದೆ. ಸಾವ್ಕಾರ ಕೌದಿ ಎತ್ತಿ ಹೊದಿಸಿದ, ಮಂದಿ ಚಪ್ಪಾಳೆ ಹೊಡೆದರು. ಗೋದಾಮಿನವರು ಮೊದಲು ಹೊಡೆಯಲಿಲ್ಲ. ಆಮೇಲೆ ಸಂಚಿ ಕೊಟ್ಟ ಮುದುಕಿ, “ಹೊಡೀರಿ ಲೇ, ಮುದುಕ ಬೆಚ್ಚಗ ಮಲಗಲಿ” ಎಂದಳು, ಹೊಡೆದರು. ಬೈದಳೋ ಹರಸಿದಳೋ ನನಗೆ ಈಗಲೂ ಹೇಳಲು ಬರುವುದಿಲ್ಲ.

ಮಧ್ಯಾಹ್ನವೇ ಗಾಡಿ ಹೊರಟಿತು. ಕಾಕಾ ಕೌದಿ ಹೊದ್ದೇ ಕೂತಿದ್ದ, ಬಿಸಿಲಿದ್ದರೂ. ಗಾಡಿಯ ಹಿಂದೆ ಸ್ವಲ್ಪ ದೂರ ಹೋದವರು ಪೇಟೆಯವರು. ಗೋದಾಮಿನವರು ಆಗಲೇ ಇಬ್ರಾಹಿಂಪುರದ ಕಡೆ ನಡೆದಿದ್ದರು. ನಾನು ಯಾರ ಜೊತೆಗೂ ಹೋಗಲಿಲ್ಲ. ಜಮಖಾನೆಯ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಆರಿಸಿಕೊಂಡೆ, ಮನೆಗೆ ಬಂದೆ. ಕೋಣೆ ಅಂದು ದೊಡ್ಡದಾಗಿ ಕಂಡಿತು. ಕೌದಿ ಇಲ್ಲದ್ದಕ್ಕೆ ಹಾಗೆ ಎಂದು ಹೇಳಿಕೊಂಡೆ. ಅಗಳಿ ಹಾಕಿ ಮಲಗಿದೆ, ನಿದ್ದೆ ಬರಲಿಲ್ಲ.

ಮರುದಿನ ಬೆಳಗ್ಗೆ ಎದ್ದು ಬೀಗತಿ ಕೊಟ್ಟ ಇನ್ನೊಂದು ಸೀರೆ, ಮಂದಿ ಹೊಲಿಯಲು ಕೊಟ್ಟಿದ್ದ ಹಳೆಬಟ್ಟೆ, ಸೂಜಿ, ದಾರ, ಒಂದು ತಾಟು, ಒಂದು ತಂಬಿಗೆ ಗಂಟು ಕಟ್ಟಿದೆ. ಕೋಣೆಗೆ ಹೊರಗಿನಿಂದ ಕೊಂಡಿ ಹಾಕಿದೆ. ಇಬ್ರಾಹಿಂಪುರಕ್ಕೆ ನಡೆದು ಹೋದಾಗ ಸಾವ್ಕಾರನ ಆಳು ಬೀಗ ಹಿಡಿದುಕೊಂಡು ಗೋದಾಮಿನ ಮುಂದೆ ನಿಂತಿದ್ದ. ಮಂದಿ ಒಳಗೆ ತಮ್ಮ ತಮ್ಮ ಗಂಟು ಕಟ್ಟುತ್ತಿದ್ದರು.

“ನೀ ಯಾಕ ಬಂದಿ ಕೌದಿಯವ್ವಾ? ಕಾಕಾ ಹ್ವಾದ. ಜವಾಬ್ದಾರಿ ಇರೂ ಮನಷ್ಯಾ ಯಾರೂ ಇಲ್ಲ, ಎಬ್ಬಸು ಅಂದಾರ.”

“ನಾ ಅದೇನಿ. ಇವತ್ತಿಂದ ಇಲ್ಲೇ ಮಲಗತೇನಿ. ಸಾವ್ಕಾರ್ರಿಗೆ ಹೋಗಿ ಹೇಳು.”

“ಹೆಂಗಸು ನೀ, ಏನ ಜವಾಬ್ದಾರಿ ತಗೋತಿ?”

“ಅದನ್ನ ಅವರ ಬಂದು ಕೇಳಲಿ.”

ಆತ ಬೀಗ ಕೈಯಲ್ಲೇ ತಿರುಗಿಸುತ್ತ ಸ್ಟೇಷನ್ ರಸ್ತೆಯ ಕಡೆ ಹೋದ. ವಾಪಸು ಬರುತ್ತಾನೆ ಎಂದು ಗೊತ್ತಿತ್ತು. ಗಂಟು ಕಟ್ಟುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮುದುಕಿ ಕಾಕಾನ ಜಾಗ ತೋರಿಸಿದಳು, ಬಾಗಿಲ ಪಕ್ಕದ್ದು. ಅಲ್ಲಿ ಗಾಳಿ ಬಹಳ. ನಾನು ಒಳಗಿನ ಮೂಲೆ ಆರಿಸಿಕೊಂಡೆ, ಕಸ ಹೊಡೆದೆ, ಸೀರೆಯನ್ನು ಪೂರ್ತಿ ಹಾಸಿ ಹೊಲಿಯಲು ಕೂತೆ.